ಕಿಲಿಮಂಜಾರೋ ಹತ್ತುವವರಿಗೆ: ಬೂಟು ಕೊಳ್ಳುವ ಮೊದಲು ದಿನ ಕೊಳ್ಳಿ

ಕಿಲಿಮಂಜಾರೋ ಹತ್ತೋಕೆ ಹಗ್ಗ ಬೇಡ, ಮಂಜು ಕಡಿಯುವ ಕೊಡಲಿ ಬೇಡ. ಕುಮಾರ ಪರ್ವತಕ್ಕೆ ಭಟ್ಟರ ಮನೆ ದಾಟಿ ಹತ್ತಿ ಇಳಿದವರ ಕಾಲಿಗೆ ಇಲ್ಲಿನ ಬಹುಪಾಲು ಏರು ಹೊಸದೇನಲ್ಲ. ಆದರೂ ಜಿಮ್‌ನಲ್ಲಿ ಮೈ ಬೆಳೆಸಿದವರು ಅರ್ಧದಿಂದ ವಾಪಸ್ ಬರುತ್ತಾರೆ, ಐವತ್ತು ದಾಟಿದ ಸಣಕಲು ದೇಹದವರು ತುದಿ ಮುಟ್ಟುತ್ತಾರೆ. ಕಾರಣ ಕಾಲಲ್ಲ, ಗಾಳಿ. 5,895 ಮೀಟರ್ ಎತ್ತರದ ಉಹುರು ತುದಿಯಲ್ಲಿ ಗಾಳಿಯ ಒತ್ತಡ ಕಡಲತೀರದ ಅರ್ಧದಷ್ಟೇ. ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಮೂರು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಈ ಬೆಟ್ಟಕ್ಕೆ ನೂರು ಮೀಟರ್ ಕಮ್ಮಿ ಬೀಳುತ್ತದೆ.

ಹಾಗಾಗಿ ಈ ಬರಹದಲ್ಲಿ ಬೂಟು, ಜಾಕೆಟ್‌ಗಿಂತ ಜಾಸ್ತಿ ಮಾತು ದಿನಗಳ ಬಗ್ಗೆ, ಉಸಿರಿನ ಬಗ್ಗೆ.

ಇದು ಬೆಂಕಿಯ ಬೆಟ್ಟ

ಕಿಲಿಮಂಜಾರೋ ಟಾಂಜಾನಿಯಾದ ಉತ್ತರದಲ್ಲಿ, ಕೀನ್ಯಾ ಗಡಿಯ ಪಕ್ಕದಲ್ಲಿದೆ. ಒಂದೇ ಬೆಟ್ಟ ಅಂತ ಕಂಡರೂ ಮೂರು ಜ್ವಾಲಾಮುಖಿಗಳು ಸೇರಿ ಆದದ್ದು: ಶಿರಾ, ಮಾವೆಂಜಿ, ಕಿಬೋ. ಮೊದಲೆರಡು ಪೂರ್ತಿ ಆರಿಹೋಗಿವೆ. ನಾವು ಹತ್ತೋದು ಕಿಬೋವನ್ನು. ಅದು ನಿದ್ದೆಯಲ್ಲಿದೆ ಅಷ್ಟೇ. ತುದಿಯ ಕುಳಿಯೊಳಗೆ ಈಗಲೂ ಗಂಧಕದ ವಾಸನೆಯ ಹಬೆ ಬರುವ ಬಿರುಕುಗಳಿವೆ. ಮನುಷ್ಯರು ಬರೆದಿಟ್ಟ ಇತಿಹಾಸದಲ್ಲಿ ಅದು ಸಿಡಿದಿಲ್ಲ, ಹಾಗಾಗಿ ಆ ಹೆದರಿಕೆ ಬೇಡ.

ಆದರೆ ಬೆಂಕಿಬೆಟ್ಟ ಅನ್ನೋದು ನಡೆಯುವವರಿಗೆ ಎರಡು ರೀತಿ ಲೆಕ್ಕಕ್ಕೆ ಬರುತ್ತದೆ. ಮೊದಲನೆಯದು ಬೂದಿ. ಮೇಲಿನ ಭಾಗದಲ್ಲಿ ನೆಲ ಗಟ್ಟಿ ಇಲ್ಲ. ಜಲ್ಲಿ, ಬೂದಿ, ಪುಡಿಗಲ್ಲು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಒಣ ದಿನಗಳಲ್ಲಿ ಆ ಧೂಳು ಮೂಗು, ಗಂಟಲು, ಕ್ಯಾಮರಾ ಎಲ್ಲದರೊಳಗೂ ಹೋಗುತ್ತದೆ. ಎರಡನೆಯದು ನೀರು. ಬೂದಿ ನೆಲ ನೀರನ್ನು ಹೀರಿಕೊಳ್ಳುತ್ತದೆ, ಮೇಲೆ ನಿಲ್ಲೋದಿಲ್ಲ. ಮುಂದೆ ಹೇಳುವ ಮಚಾಮೆ, ಲೆಮೋಶೋ ದಾರಿಗಳಲ್ಲಿ ತುದಿಗೆ ಮುಂಚಿನ ಕೊನೆಯ ಕ್ಯಾಂಪು ಬರಾಫು, ಅಲ್ಲಿ ನೀರೇ ಇಲ್ಲ. ಹಿಂದಿನ ಕರಂಗಾ ಕ್ಯಾಂಪಿನ ಹಳ್ಳದಿಂದ ಪೋರ್ಟರ್‌ಗಳು ಹೊತ್ತು ತರುತ್ತಾರೆ. ಅಲ್ಲಿ ಕೈ ತೊಳೆಯೋಕೆ ಒಂದು ಮಗ್ಗು ನೀರು ಚೆಲ್ಲುವಾಗ ಇದು ನೆನಪಿರಲಿ. ಅಂದ ಹಾಗೆ ಬರಾಫು ಅಂದರೆ ಸ್ವಾಹಿಲಿಯಲ್ಲಿ ಮಂಜುಗಡ್ಡೆ, ನಮ್ಮ ಕಿವಿಗೆ ಗೊತ್ತಿರುವ ಬರ್ಫ್. ಚಾಯ್‌ಗೆ ಅಲ್ಲೂ ಚಾಯ್, ಚಪಾತಿಗೆ ಚಪಾತಿಯೇ.

ಹಂತ 1: ದಾರಿ ಆರಿಸುವಾಗ ದಿನ ಎಣಿಸಿ

ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ. ಪಾರ್ಕ್ ಶುಲ್ಕ ಡಾಲರಿನಲ್ಲಿ, ದಿನದ ಲೆಕ್ಕದಲ್ಲಿ. ಹಾಗಾಗಿ ಐದು ದಿನದ ಪ್ಯಾಕೇಜ್ ಅಗ್ಗ, ಎಂಟು ದಿನದ್ದು ದುಬಾರಿ. ಮೋಸ ಹೋಗೋದು ಇಲ್ಲೇ. ವಿಮಾನಕ್ಕೆ ಅಷ್ಟು ದುಡ್ಡು ಸುರಿದು, ಎರಡು ದಿನದ ಶುಲ್ಕ ಉಳಿಸಲು ಹೋಗಿ, ತುದಿ ಕಾಣದೆ ಬರುವವರು ಬಹಳ.

ಮುಖ್ಯ ದಾರಿಗಳು ಇವು:

ಮರಂಗು: ಹಳೆಯ ದಾರಿ. ಟೆಂಟ್ ಬೇಡ, ಮರದ ಗುಡಿಸಲುಗಳಲ್ಲಿ ಮಲಗಬಹುದು. ಮಂಡಾರಾ 2,720 ಮೀಟರ್, ಹೊರೊಂಬೊ 3,720, ಕಿಬೋ ಹಟ್ 4,720. ನೋಡಿ, ಒಂದೊಂದು ರಾತ್ರಿಗೆ ಸಾವಿರ ಮೀಟರ್ ಏರು. ಸುಲಭ ದಾರಿ ಅಂತ ಹೆಸರು, ಕೋಕಾಕೋಲಾ ದಾರಿ ಅಂತ ಅಡ್ಡಹೆಸರು ಬೇರೆ. ಐದು ದಿನದಲ್ಲಿ ಮುಗಿಸಲು ಹೋದವರಿಗೆ ಇದೇ ಕಷ್ಟದ ದಾರಿ. ಇದೇ ಬೇಕು ಅಂದರೆ ಹೊರೊಂಬೊದಲ್ಲಿ ಒಂದು ದಿನ ಜಾಸ್ತಿ ಉಳಿಯುವ ಆರು ದಿನದ್ದು ತಗೊಳ್ಳಿ.

ಮಚಾಮೆ: ಟೆಂಟಿನ ದಾರಿ. ಏಳು ದಿನದ್ದು ಆರಿಸಿ, ಆರರದ್ದಲ್ಲ.

ಲೆಮೋಶೋ: ಪಶ್ಚಿಮದಿಂದ ಶುರುವಾಗಿ ಶಿರಾ ಬಯಲು ದಾಟಿ ಮಚಾಮೆ ದಾರಿಗೆ ಸೇರುತ್ತದೆ. ಎಂಟು ದಿನ. ಕೇಳಿದರೆ ನಾನು ಹೇಳೋದು ಇದನ್ನೇ.

ರೊಂಗಾಯ್: ಕೀನ್ಯಾ ಕಡೆಯ, ಉತ್ತರದ ದಾರಿ. ಮಳೆ ಕಮ್ಮಿ, ಜನ ಕಮ್ಮಿ.

ಉಂಬ್ವೆ: ಕಡಿದಾದದ್ದು. ಮೊದಲ ಸಲಕ್ಕೆ ಬೇಡವೇ ಬೇಡ.

ಮಚಾಮೆ ಮತ್ತು ಲೆಮೋಶೋ ಒಳ್ಳೆಯವು ಯಾಕೆ ಅಂತ ಒಂದು ದಿನದ ಲೆಕ್ಕದಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಸುಮಾರು 3,800 ಮೀಟರ್‌ನ ಶಿರಾ ಕ್ಯಾಂಪ್ ಬಿಟ್ಟು, ಮಧ್ಯಾಹ್ನ ಸುಮಾರು 4,600 ಮೀಟರ್‌ನ ಲಾವಾ ಟವರ್ ತಲುಪಿ, ಸಂಜೆಗೆ ಮತ್ತೆ ಸುಮಾರು 3,950ರ ಬರಾಂಕೊ ಕ್ಯಾಂಪಿಗೆ ಇಳಿಯುತ್ತೀರಿ. ಇಡೀ ದಿನ ನಡೆದು ಮಲಗುವ ಎತ್ತರದಲ್ಲಿ ಗಳಿಸಿದ್ದು ನೂರೈವತ್ತು ಮೀಟರ್! ಸುಮ್ನೆ ಕಾಲು ನೋಯಿಸಿಕೊಂಡೆವು ಅನ್ನಿಸುತ್ತದೆ. ಆದರೆ ಮೈಗೆ ಮೇಲಿನ ಗಾಳಿಯ ರುಚಿ ತೋರಿಸಿ, ರಾತ್ರಿಗೆ ಕೆಳಗೆ ತಂದು ಮಲಗಿಸೋದೇ ಎತ್ತರಕ್ಕೆ ಒಗ್ಗಿಸುವ ಮುಖ್ಯ ಉಪಾಯ.

ಡಾಕ್ಟರುಗಳ ಸಾಮಾನ್ಯ ಸೂತ್ರವೂ ಇಷ್ಟೇ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು. ನಿಜ ಹೇಳಬೇಕೆಂದರೆ ಕಿಲಿಮಂಜಾರೋದ ಬಹುತೇಕ ಪ್ಯಾಕೇಜ್‌ಗಳು ಈ ಸೂತ್ರವನ್ನು ಒಂದಲ್ಲ ಒಂದು ದಿನ ಮುರಿಯುತ್ತವೆ. ಪ್ಯಾಕೇಜ್ ಕೊಳ್ಳುವ ಮೊದಲು ಒಂದು ಕಾಗದದಲ್ಲಿ ಪ್ರತಿ ರಾತ್ರಿಯ ಎತ್ತರ ಬರೆದುಕೊಳ್ಳಿ. ಎಲ್ಲಿ ಕಮ್ಮಿ ಮುರಿಯುತ್ತದೋ ಅದು ನಿಮ್ಮದು.

ತಿಂಗಳು: ಜನವರಿಯಿಂದ ಮಾರ್ಚ್ ಶುರುವಿನ ತನಕ, ಇಲ್ಲವೇ ಜೂನ್‌ನಿಂದ ಅಕ್ಟೋಬರ್. ಏಪ್ರಿಲ್, ಮೇ ಜೋರು ಮಳೆ. ನವೆಂಬರ್‌ನಲ್ಲೂ ಮಳೆ ಬರುತ್ತದೆ.

ಕಂಪನಿ ಆರಿಸುವಾಗ ಪೋರ್ಟರ್‌ಗಳಿಗೆ ಏನು ಕೊಡುತ್ತೀರಿ, ಅವರು ಎಲ್ಲಿ ಮಲಗುತ್ತಾರೆ, ದಿನಕ್ಕೆ ಎಷ್ಟು ಹೊತ್ತು ಊಟ ಅಂತ ನೇರವಾಗಿ ಕೇಳಿ. ತಡಬಡಾಯಿಸಿದರೆ ಬಿಟ್ಟುಬಿಡಿ. ಪೋರ್ಟರ್ ಹೊರೆ 20 ಕಿಲೋ ದಾಟಬಾರದು, ಗೇಟಿನಲ್ಲಿ ತೂಗುತ್ತಾರೆ. ಗೈಡ್ ಹತ್ತಿರ ಆಮ್ಲಜನಕದ ಸಿಲಿಂಡರ್ ಇದೆಯೇ, ದಿನಾ ಎರಡು ಹೊತ್ತು ಆರೋಗ್ಯ ನೋಡುತ್ತಾರೆಯೇ ಅಂತಲೂ ಕೇಳಿ.

ಹಂತ 2: ಡಾಕ್ಟರ್ ಮತ್ತು ಕಾಗದಪತ್ರ

ಟಾಂಜಾನಿಯಾಕ್ಕೆ ಇ-ವೀಸಾ ಸಿಗುತ್ತದೆ. ಇಳಿಯೋದು ಕಿಲಿಮಂಜಾರೋ ವಿಮಾನ ನಿಲ್ದಾಣ, ಉಳಿಯೋದು ಮೋಶಿ ಅಥವಾ ಅರುಷಾ ಊರಿನಲ್ಲಿ. ನೈರೋಬಿ ಅಥವಾ ಆಡಿಸ್ ಅಬಾಬಾ ಮೇಲೆ ಹೋಗಿಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಆ ಹಳದಿ ಕಾರ್ಡ್ ಇಟ್ಟುಕೊಂಡಿರಲೇಬೇಕು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಹಾಕಬಹುದು. ಮೋಶಿಯಂಥ ಕೆಳಗಿನ ಊರುಗಳಲ್ಲಿ ಮಲೇರಿಯಾ ಇದೆ, ಅದರ ಮಾತ್ರೆಯ ಬಗ್ಗೆಯೂ ಕೇಳಿಬಿಡಿ.

ವಿಮೆ ಕೊಳ್ಳುವಾಗ ಸಣ್ಣ ಅಕ್ಷರ ಓದಿ. ಬಹಳಷ್ಟು ವಿಮೆಗಳಲ್ಲಿ ಟ್ರೆಕ್ಕಿಂಗ್‌ಗೆ ಎತ್ತರದ ಮಿತಿ ಇರುತ್ತದೆ. 6,000 ಮೀಟರ್ ತನಕ ಇರಬೇಕು, ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚೂ ಸೇರಿರಬೇಕು.

ಇನ್ನು ಡಯಾಮಾಕ್ಸ್. ಅಸೆಟಜೋಲಮೈಡ್ ಅನ್ನೋ ಈ ಮಾತ್ರೆಯನ್ನು ಕೆಲವರು ಮೋಸದ ಆಟ ಅಂತಾರೆ, ಕೆಲವರು ಸಂಜೀವಿನಿ ಅಂತಾರೆ. ಎರಡೂ ಅಲ್ಲ. ಎತ್ತರದಲ್ಲಿ ಮೈ ತಾನಾಗಿ ಜೋರಾಗಿ ಉಸಿರಾಡುತ್ತದೆ. ಅದರಿಂದ ಇಂಗಾಲದ ಡೈ ಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಆಗ ಮಿದುಳು ಉಸಿರಿಗೆ ಬ್ರೇಕ್ ಹಾಕುತ್ತದೆ. ಕಿಡ್ನಿ ಇದನ್ನು ಸರಿಮಾಡಲು ಕೆಲವು ದಿನ ತಗೊಳ್ಳುತ್ತದೆ. ಈ ಮಾತ್ರೆ ಕಿಡ್ನಿಯ ಕೆಲಸವನ್ನು ಬೇಗ ಮಾಡಿಸುತ್ತದೆ, ಅಷ್ಟೇ. ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಬರುತ್ತದೆ, ಸೋಡಾ ಸಪ್ಪೆ ಅನ್ನಿಸುತ್ತದೆ. ಸಲ್ಫಾ ಔಷಧಿ ಅಲರ್ಜಿ ಇದ್ದವರು, ಕಿಡ್ನಿ ತೊಂದರೆ ಇದ್ದವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಬೇರೆಯವರೂ ಕೇಳಿಯೇ ತಗೊಳ್ಳಿ. ಊರಲ್ಲೇ ಎರಡು ದಿನ ನುಂಗಿ ನೋಡಿದರೆ ಬೆಟ್ಟದ ಮೇಲೆ ಗಾಬರಿ ಇರುವುದಿಲ್ಲ.

ಹಂತ 3: ಊರಿನಲ್ಲಿ ತಯಾರಿ

ಕರ್ನಾಟಕದಲ್ಲಿ ಎಲ್ಲಿ ಹತ್ತಿದರೂ ಎತ್ತರಕ್ಕೆ ಒಗ್ಗಲು ಆಗುವುದಿಲ್ಲ. ನಮ್ಮ ಅತಿ ಎತ್ತರದ ಬೆಟ್ಟವೇ ಮಚಾಮೆ ಗೇಟಿನ ಎತ್ತರಕ್ಕೆ ಹತ್ತಿರ. ಆದರೆ ಕಾಲು ಮತ್ತು ಮಂಡಿಗೆ ಇಲ್ಲೇ ಪಾಠ ಆಗಬೇಕು. ಮೂರು ತಿಂಗಳು ಮೊದಲೇ ಶುರುಮಾಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ವಾರಕ್ಕೆರಡು ಸಲ, ಬೆನ್ನಿಗೆ ಆರು ಕಿಲೋ ಭಾರ ಹಾಕಿಕೊಂಡು. ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಮಾಡಿ. ತುದಿಯ ದಿನ 1,200 ಮೀಟರ್ ಹತ್ತಿ 2,800 ಮೀಟರ್ ಇಳಿಯಬೇಕು, ಮಂಡಿ ಅಳುವುದು ಆಗಲೇ. ತಿಂಗಳಿಗೊಮ್ಮೆ ಎರಡು ದಿನ ಬೆನ್ನುಬೆನ್ನಿಗೆ ನಡೆಯಿರಿ. ಮೊದಲ ದಿನದ ನೋವಿನ ಮೇಲೆ ಎರಡನೇ ದಿನ ನಡೆಯುವ ಅಭ್ಯಾಸ ಬೇಕು.

ಅನುಕೂಲ ಇದ್ದರೆ ಅದಕ್ಕೂ ಮೊದಲು ಹಿಮಾಲಯದ ಒಂದು 3,800 ಮೀಟರ್ ಚಾರಣ, ಕೇದಾರಕಂಠದಂಥದ್ದು, ಮಾಡಿಬನ್ನಿ. ಆ ಒಗ್ಗಿಕೊಂಡದ್ದು ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ, ಅದಕ್ಕಲ್ಲ. ಎತ್ತರದಲ್ಲಿ ನಿಮ್ಮ ಮೈ ಹೇಗೆ ಆಡುತ್ತದೆ ಅಂತ ನಿಮಗೇ ಗೊತ್ತಾಗಲಿ ಅಂತ.

ಹಂತ 4: ಚೀಲ

ಬಟ್ಟೆಯ ಉದ್ದ ಪಟ್ಟಿ ಕಂಪನಿಯವರೇ ಕೊಡುತ್ತಾರೆ. ದಪ್ಪ ಜಾಕೆಟ್, ಮಲಗುವ ಚೀಲ, ಕೋಲು ಎಲ್ಲವೂ ಮೋಶಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ನಿಮ್ಮದೇ ಇರಲಿ, ಅದರಲ್ಲಿ ನೂರು ಕಿಲೋಮೀಟರ್ ಆದರೂ ನಡೆದಿರಲಿ.

ಪಟ್ಟಿಯಲ್ಲಿ ಕೈತಪ್ಪುವ ಕೆಲವನ್ನು ಹೇಳುತ್ತೇನೆ. ಬೂಟಿನ ಬಾಯಿ ಮುಚ್ಚುವ ಗೇಟರ್, ಇಲ್ಲದಿದ್ದರೆ ಬೂದಿಯೆಲ್ಲ ಒಳಗೆ. ಮೂಗು ಮುಚ್ಚಲು ಬಟ್ಟೆ. ತಲೆಗೆ ಕಟ್ಟುವ ಟಾರ್ಚ್, ಜೊತೆಗೆ ಇನ್ನೊಂದು ಜೊತೆ ಬ್ಯಾಟರಿ. ಚಳಿಗೆ ಬ್ಯಾಟರಿ ಸಾಯುತ್ತದೆ, ಫೋನ್ ಮತ್ತು ಬ್ಯಾಟರಿಯನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ತುಟಿಗೆ ಹಚ್ಚಲು ಏನಾದರೂ. ರಾತ್ರಿ ಟೆಂಟಿನೊಳಗೇ ಮೂತ್ರಕ್ಕೆ ಒಂದು ಅಗಲ ಬಾಯಿಯ ಡಬ್ಬಿ. ನಗಬೇಡಿ, ಚಳಿಯಲ್ಲಿ ನಾಲ್ಕು ಸಲ ಬೂಟಿನ ಲೇಸ್ ಕಟ್ಟಿದ ಮೇಲೆ ನೆನೆಸಿಕೊಳ್ಳುತ್ತೀರಿ. ಟಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧ. ಬಟ್ಟೆಗಳನ್ನು ಬಟ್ಟೆ ಚೀಲದಲ್ಲೇ ಕಟ್ಟಿ.

ಸಸ್ಯಾಹಾರಿಗಳು ಮೊದಲೇ ಹೇಳಿದರೆ ಅಡುಗೆಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಸೂಪ್, ಚಪಾತಿ, ಬೀನ್ಸ್, ತರಕಾರಿ, ಉಗಾಲಿ ಅನ್ನೋ ಜೋಳದ ಮುದ್ದೆ. ನಮ್ಮ ಮುಸುಕಿನ ಜೋಳವೇ, ಬಣ್ಣ ಬಿಳಿ. ರಾಗಿ ಮುದ್ದೆ ತಿಂದು ಬೆಳೆದವರಿಗೆ ಪರಿಚಯದ ಮುಖ. ಆದರೆ 4,000 ಮೀಟರ್ ದಾಟಿದ ಮೇಲೆ ಹಸಿವೇ ಆಗುವುದಿಲ್ಲ. ಆಗ ಕೆಲಸಕ್ಕೆ ಬರೋದು ನಿಂಬೆ ಉಪ್ಪಿನಕಾಯಿ ಮತ್ತು ಚಟ್ನಿಪುಡಿ. ಒಂದು ಪುಟ್ಟ ಡಬ್ಬಿ ಒಯ್ಯಿರಿ. ಜೇಬಿಗೆ ಶೇಂಗಾ ಚಿಕ್ಕಿ ಇರಲಿ.

ಹಂತ 5: ಬೆಟ್ಟದ ಮೇಲೆ ದಿನಾ ಮಾಡಬೇಕಾದ್ದು

ಮೊದಲ ದಿನವೇ ಕಿವಿಗೆ ಬೀಳುವ ಮಾತು "ಪೊಲೆ ಪೊಲೆ". ನಿಧಾನ, ನಿಧಾನ. ನಮ್ಮ "ನಿಧಾನವೇ ಪ್ರಧಾನ" ಇಲ್ಲಿ ಗಾದೆಯಲ್ಲ, ಔಷಧಿ. ಎಷ್ಟು ನಿಧಾನ? ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೆ ಉಸಿರು ಕಟ್ಟಿದರೆ ಜಾಸ್ತಿ ವೇಗ. ಹಿಂದಿನ ಕಾಲು ನೆಟ್ಟಗೆ ಚಾಚಿ ಮೂಳೆಯ ಮೇಲೆ ಭಾರ ಬಿಟ್ಟು, ಒಂದು ಕ್ಷಣ ನಿಂತು, ಆಮೇಲೆ ಮುಂದಿನ ಹೆಜ್ಜೆ. ಮೊದಲ ದಿನ ಕೊಲೋಬಸ್ ಕೋತಿಗಳಿರುವ ಕಾಡಿನಲ್ಲಿ ಇದು ನಾಚಿಕೆ ಅನ್ನಿಸುವಷ್ಟು ನಿಧಾನ. ಆಗಲೇ ಅಭ್ಯಾಸ ಮಾಡಿಕೊಳ್ಳಿ.

ನೀರು ದಿನಕ್ಕೆ ಮೂರು ಲೀಟರ್ ಆಸುಪಾಸು, ಗುಟುಕು ಗುಟುಕಾಗಿ. ಹಾಗಂತ ಆರೇಳು ಲೀಟರ್ ಸುರಿದುಕೊಂಡರೆ ಮೈಯ ಉಪ್ಪು ಕಮ್ಮಿಯಾಗಿ ಬೇರೆ ಕಾಯಿಲೆ. ಮೂತ್ರ ತಿಳಿಯಾಗಿದ್ದರೆ ಸಾಕು. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ. ಎರಡೂ ರಾತ್ರಿಯ ಉಸಿರನ್ನು ಕುಗ್ಗಿಸುತ್ತವೆ.

ರಾತ್ರಿ ಪಕ್ಕದವರ ಉಸಿರು ಹತ್ತು ಸೆಕೆಂಡ್ ನಿಂತೇಹೋಗಿ, ಆಮೇಲೆ ಗಬಕ್ಕನೆ ಶುರುವಾಗುವುದು ಕೇಳಬಹುದು. ಮೊದಲ ಸಲ ಕೇಳಿದಾಗ ನಾನು ಎದ್ದು ಕೂತಿದ್ದೆ. ಅದು ಎತ್ತರದಲ್ಲಿ ಸಾಮಾನ್ಯ. ಅದೊಂದರಿಂದಲೇ ಹೆದರಬೇಕಿಲ್ಲ.

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಒಯ್ಯಬಹುದು. ಊರಲ್ಲಿ 80 ತೋರಿಸಿದರೆ ಆಸ್ಪತ್ರೆಗೆ ಓಡುತ್ತೇವೆ, ಬರಾಫುವಿನಲ್ಲಿ 80ರ ಆಸುಪಾಸು ಅಂದರೆ ಬಹಳ ಜನರಿಗೆ ಮಾಮೂಲು. ಬೆರಳು ತಣ್ಣಗಿದ್ದರೆ ಸುಳ್ಳು ಅಂಕಿ ಬರುತ್ತದೆ, ಉಜ್ಜಿ ಬಿಸಿ ಮಾಡಿ ಹಾಕಿ. ಅಂಕಿಗಿಂತ ಮನುಷ್ಯ ಹೇಗಿದ್ದಾನೆ ಅನ್ನೋದು ಮುಖ್ಯ.

ಹಂತ 6: ಯಾವಾಗ ನಿಲ್ಲಬೇಕು, ಯಾವಾಗ ಇಳಿಯಬೇಕು

ಇದನ್ನು ಎರಡು ಸಲ ಓದಿ.

ತಲೆನೋವು, ಜೊತೆಗೆ ವಾಕರಿಕೆ, ಸುಸ್ತು, ತಲೆ ಸುತ್ತು ಇವುಗಳಲ್ಲಿ ಯಾವುದಾದರೂ ಇದ್ದರೆ ಅದನ್ನು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ನಿನ್ನೆ ತಿಂದದ್ದು ಆಗಲಿಲ್ಲ, ಬಿಸಿಲು ಬಡಿಯಿತು ಅಂತ ನೆಪ ಹುಡುಕಬೇಡಿ. ಪ್ಯಾರಾಸಿಟಮಾಲ್ ತಗೊಳ್ಳಿ, ನೀರು ಕುಡಿಯಿರಿ, ಮೇಲಕ್ಕೆ ಹೋಗಬೇಡಿ. ಕಮ್ಮಿಯಾದರೆ ಮುಂದೆ. ಜಾಸ್ತಿಯಾದರೆ ಕೆಳಗೆ.

ಎರಡು ಸ್ಥಿತಿಗಳಲ್ಲಿ ಬೆಳಗಾಗುವ ತನಕ ಕಾಯಬಾರದು. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು: ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗೊರಗೊರ, ನಸುಗೆಂಪು ನೊರೆ ಕಫ, ತುಟಿ ನೀಲಿ. ಇನ್ನೊಂದು, ಮಿದುಳು ಊದಿಕೊಳ್ಳುವುದು: ತಡವರಿಸುವ ಮಾತು, ಗೊಂದಲ, ಓಲಾಡುವ ನಡಿಗೆ. ಎರಡಕ್ಕೂ ಮೊದಲ ಮದ್ದು ಇಳಿಯುವುದು. ಆಮ್ಲಜನಕದ ಸಿಲಿಂಡರ್, ಡೆಕ್ಸಾಮೆಥಸೋನ್, ನಿಫೆಡಿಪಿನ್ ಅನ್ನೋ ಔಷಧಿಗಳು ಎಲ್ಲವೂ ಇಳಿಯಲು ಸಮಯ ಕೊಡುತ್ತವೆ, ಇಳಿಯುವುದರ ಬದಲಿಗೆ ಅಲ್ಲ.

ನಡಿಗೆ ಪರೀಕ್ಷೆ ಮಾಡೋದು ಹೀಗೆ. ನೆಲದ ಮೇಲೆ ಕೋಲಿನಿಂದ ಒಂದು ನೇರ ಗೆರೆ ಎಳೆಯಿರಿ. ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಹೆಬ್ಬೆರಳಿಗೆ ತಾಗುವಂತೆ ಅದರ ಮೇಲೆ ಹತ್ತು ಹೆಜ್ಜೆ ನಡೆಸಿ. ಓಲಾಡಿದರೆ ಇಳಿಯುವ ಹೊತ್ತು ಬಂತು ಅಂತಲೇ ತಿಳಿಯಿರಿ.

ಬರಾಫುವಿನಲ್ಲಿ ಸಂಜೆ ನಮ್ಮ ಭಾವ ಊಟ ಬೇಡ ಅಂದರು. "ಏನಿಲ್ಲ ಕಣೋ, ಸ್ವಲ್ಪ ತಲೆ ಭಾರ" ಅಂದರು. ಜಾಕೆಟ್ಟಿನ ಜಿಪ್ ಹಾಕಲು ಮೂರು ಸಲ ಒದ್ದಾಡಿದ್ದು ನೋಡಿ ನನಗೆ ಅನುಮಾನ ಬಂತು. "ಭಾವ, ಈ ಗೆರೆ ಮೇಲೆ ನಡೀರಿ ನೋಡೋಣ" ಅಂದೆ. "ನನ್ನನ್ನೇನು ಕುಡುಕ ಅಂದ್ಕೊಂಡ್ಯಾ?" ಅಂತ ನಗುತ್ತಲೇ ಶುರುಮಾಡಿದರು. ನಾಲ್ಕನೇ ಹೆಜ್ಜೆಗೆ ಬಲಕ್ಕೆ ವಾಲಿ ಟೆಂಟಿನ ಹಗ್ಗ ಹಿಡಿದುಕೊಂಡರು. ಗೈಡ್ ವಾದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಇಂಜೆಕ್ಷನ್ ಕೊಟ್ಟು, ಇಬ್ಬರು ತೋಳು ಹಿಡಿದು, ಅರ್ಧ ಗಂಟೆಯೊಳಗೆ ಕೆಳಗಿನ ದಾರಿ ಹಿಡಿಸಿದರು. ಸುಮಾರು 3,800 ಮೀಟರ್‌ನ ಮಿಲೇನಿಯಂ ಕ್ಯಾಂಪಿಗೆ ಬರುವಷ್ಟರಲ್ಲಿ ತಲೆನೋವು ಇಳಿಯತೊಡಗಿತ್ತಂತೆ. ಬೆಳಿಗ್ಗೆ ಇನ್ನೂ ಕೆಳಗಿಳಿದು ಮೋಶಿಯಲ್ಲಿ ಡಾಕ್ಟರಿಗೆ ತೋರಿಸಿದರು. ಲಕ್ಷಣ ಮುಚ್ಚಿಟ್ಟದ್ದು ಎಷ್ಟು ದಿನದಿಂದ ಅಂತ ಕೇಳಿದರೆ, ಶಿರಾ ಕ್ಯಾಂಪಿನಿಂದ! ದುಡ್ಡು ಕಟ್ಟಿದ್ದೀವಲ್ಲ ಅಂತ ಹೇಳಿರಲಿಲ್ಲ. ಬೆಟ್ಟದ ಮೇಲೆ ಗೈಡ್‌ಗೆ ಸುಳ್ಳು ಹೇಳೋದು ಡಾಕ್ಟರಿಗೆ ಸುಳ್ಳು ಹೇಳಿದ ಹಾಗೆ.

ಹಂತ 7: ತುದಿಯ ರಾತ್ರಿ

ಬರಾಫುವಿಗೆ ಮಧ್ಯಾಹ್ನವೇ ತಲುಪಿ, ಸಂಜೆ ಬೇಗ ಉಂಡು, ಮಲಗಿ. ನಿದ್ದೆ ಬರುವುದಿಲ್ಲ, ಪರವಾಗಿಲ್ಲ, ಕಣ್ಣು ಮುಚ್ಚಿರಿ. ಹೊರಡೋದು ನಡುರಾತ್ರಿ ಹನ್ನೆರಡರ ಹೊತ್ತಿಗೆ. ರಾತ್ರಿಯ ಚಳಿಗೆ ಜಲ್ಲಿ ಸ್ವಲ್ಪ ಗಟ್ಟಿಯಾಗಿರುತ್ತದೆ, ಜೊತೆಗೆ ಮಧ್ಯಾಹ್ನದ ಮೋಡ ಕವಿಯುವ ಮೊದಲು ಇಳಿದುಬಿಡಬಹುದು.

ಚಳಿ ಸೊನ್ನೆಯ ಕೆಳಗೆ ಹತ್ತು, ಹದಿನೈದು ಡಿಗ್ರಿ. ಗಾಳಿ ಬೀಸಿದರೆ ಇನ್ನೂ ಜಾಸ್ತಿ. ನೀರಿನ ಚೀಲಕ್ಕೆ ಕೊಳವೆ ಹಾಕಿಕೊಂಡಿದ್ದರೆ ಮೊದಲ ಗಂಟೆಯಲ್ಲೇ ಅದರೊಳಗೆ ನೀರು ಹೆಪ್ಪುಗಟ್ಟುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ಹಾಕಿ, ತಲೆಕೆಳಗಾಗಿ ಇಡಿ. ಮಂಜು ಮೇಲಿನಿಂದ ಕಟ್ಟುತ್ತದೆ, ಅಂದರೆ ಬುಡದ ಕಡೆ. ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕಿ. ಬೆವರಿದರೆ ಆ ಒದ್ದೆಯೇ ಆಮೇಲೆ ಹೆಪ್ಪುಗಟ್ಟುತ್ತದೆ. ನಿಲ್ಲುವುದು ಐದು ನಿಮಿಷ ಮಾತ್ರ. ಕೂತರೆ ಏಳಲು ಮನಸ್ಸಾಗುವುದಿಲ್ಲ.

ಮೇಲಕ್ಕೆ ನೋಡಬೇಡಿ. ಟಾರ್ಚುಗಳ ಸಾಲು ನಕ್ಷತ್ರಗಳ ತನಕ ಹೋದಂತೆ ಕಾಣುತ್ತದೆ, ಎಲ್ಲಿ ಬೆಟ್ಟ ಮುಗಿದು ಎಲ್ಲಿ ಆಕಾಶ ಶುರುವಾಯಿತು ಗೊತ್ತಾಗುವುದಿಲ್ಲ. ಮುಂದಿನವರ ಹಿಮ್ಮಡಿ ನೋಡಿ. ಬೂದಿಯಲ್ಲಿ ಅವರು ಒತ್ತಿಟ್ಟ ಹೆಜ್ಜೆಯಲ್ಲೇ ನಿಮ್ಮ ಹೆಜ್ಜೆ ಇಡಿ, ಜಾರುವುದು ಕಮ್ಮಿ. ನಾನು ಹೆಜ್ಜೆಗೊಂದು ಉಸಿರಿನಂತೆ ನೂರರ ತನಕ ಎಣಿಸುತ್ತಿದ್ದೆ. ಕೊನೆಗೆ ಅರವತ್ತರ ಮೇಲೆ ಎಣಿಕೆಯೇ ತಪ್ಪುತ್ತಿತ್ತು.

ಬೆಳಕು ಹರಿಯುವ ಹೊತ್ತಿಗೆ ಕುಳಿಯ ಅಂಚಿನ ಸ್ಟೆಲ್ಲಾ ಪಾಯಿಂಟ್, 5,756 ಮೀಟರ್. ಕಡಿದಾದ ಏರು ಅಲ್ಲಿಗೆ ಮುಗಿಯಿತು. ಮಾವೆಂಜಿಯ ಹಿಂದಿನಿಂದ ಸೂರ್ಯ ಏಳುತ್ತಾನೆ. ಅಲ್ಲಿಂದ ಉಹುರು ಮುಕ್ಕಾಲು ಗಂಟೆ, ಒಂದು ಗಂಟೆ. ಎಡಗಡೆ ಉಳಿದಿರುವ ಹಿಮದ ಗೋಡೆ ಕಾಣುತ್ತದೆ. 1912ರಲ್ಲಿ ಇದ್ದ ಹಿಮದಲ್ಲಿ ಬಹುಪಾಲು ಈಗಾಗಲೇ ಕರಗಿದೆ. ಉಹುರು ಅಂದರೆ ಸ್ವಾತಂತ್ರ್ಯ. ಟಾಂಗನಿಕಾ (ಟಾಂಜಾನಿಯಾದ ಮುಖ್ಯಭೂಮಿಯ ಆಗಿನ ಹೆಸರು) ಸ್ವತಂತ್ರವಾದ ಮೇಲೆ ಇಟ್ಟ ಹೆಸರು. ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳಿ, ಹತ್ತು ಹದಿನೈದು ನಿಮಿಷದಲ್ಲಿ ಹೊರಟುಬಿಡಿ.

ಹಂತ 8: ಇಳಿಯುವುದು

ತುದಿ ಮುಟ್ಟಿದ ಮೇಲೆ ಮೈಮರೆಯುವವರು ಜಾಸ್ತಿ, ಬೀಳೋದು ಆಗಲೇ. ಬಿಸಿಲಿಗೆ ಸಡಿಲವಾದ ಬೂದಿಯಲ್ಲಿ ಹಿಮ್ಮಡಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಜಾರುಬಂಡೆಯ ಹಾಗೆ ಇಳಿಯಬಹುದು. ಮುಂದೆ ಹೋಗುವವರ ಧೂಳು ಸಿಗದಂತೆ ಅಂತರ ಇಟ್ಟುಕೊಳ್ಳಿ. ಕೋಲನ್ನು ಹತ್ತುವಾಗಿನದಕ್ಕಿಂತ ಒಂದು ಗೇಣು ಉದ್ದ ಮಾಡಿ. ಮೋಶಿಯಲ್ಲೇ ಕಾಲುಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಹೆಬ್ಬೆರಳುಗುರು ಕಪ್ಪಾಗಿ ತಿಂಗಳೊಳಗೆ ಕಳಚುತ್ತದೆ.

ಬರಾಫುವಿನಲ್ಲಿ ಒಂದೆರಡು ಗಂಟೆ ಮಲಗಿ, ಸಂಜೆಗೆ 3,100 ಮೀಟರ್‌ನ ಮ್ವೆಕಾ ಕ್ಯಾಂಪ್. ಹಸಿವು ಅಲ್ಲಿ ವಾಪಸ್ ಬರುತ್ತದೆ, ಅದೂ ಬಡ್ಡಿ ಸಮೇತ. ಮಾರನೆ ದಿನ ಮ್ವೆಕಾ ಗೇಟ್.

ಟಿಪ್ ಬಗ್ಗೆ ಹೊರಡುವ ಮೊದಲೇ ಕಂಪನಿಯನ್ನು ಕೇಳಿ, ಚಿಲ್ಲರೆ ಡಾಲರ್ ನೋಟು ಹೊಂದಿಸಿಟ್ಟುಕೊಳ್ಳಿ. ಒಬ್ಬ ಚಾರಣಿಗನಿಗೆ ಮೂರು ನಾಲ್ಕು ಜನ ದುಡಿದಿರುತ್ತಾರೆ. ಒಟ್ಟು ದುಡ್ಡನ್ನು ಒಬ್ಬರ ಕೈಗೆ ಕೊಟ್ಟು ಬರಬೇಡಿ. ಎಲ್ಲರೂ ಸೇರಿರುವಾಗ ಯಾರಿಗೆ ಎಷ್ಟು ಅಂತ ಗಟ್ಟಿಯಾಗಿ ಓದಿ ಕೊಡಿ. ನಿಮ್ಮ ಗೇಟರ್, ಕೈಗವಸು ಮತ್ತೆ ಬಳಸುವುದಿಲ್ಲ ಅನ್ನಿಸಿದರೆ ಅಲ್ಲೇ ಪೋರ್ಟರ್‌ಗಳಿಗೆ ಕೊಟ್ಟುಬಿಡಿ. ಬೂಟಿನ ಬೂದಿಯನ್ನು ಮಾತ್ರ ಅಲ್ಲೇ ಕುಟ್ಟಿ ಉದುರಿಸಿಕೊಂಡು ಬನ್ನಿ. ನಾನು ಹಾಗೇ ತಂದೆ, ಮನೆಯ ಬಚ್ಚಲ ಕೊಳವೆ ಕಟ್ಟಿಕೊಂಡಿತು.